ತಾವರೆಯ ಬಳಗ

ಕಾಫಿ ತೋಟದ ಕೆರೆಯಲ್ಲಿ ತಾವರೆಯೂ ನೈದಿಲೆಯೂ ಅಕ್ಕತಂಗಿಯರಂತೆ ಬೆಳೆದಿದ್ದವು. ತಮ್ಮದು ಒಂದೇ ಕುಲವೆಂದು ಎರಡೂ ನಂಬಿದ್ದವು. ಒಂದು ಬೆಳಿಗ್ಗೆ ಜೇನುನೊಣವೊಂದು ತಾವರೆಯ ಮೇಲೆ ಕುಳಿತು, ಕಾಲಿಗೆ ಅಂಟಿದ ಪರಾಗವನ್ನು ಬಹಳ ಹೊತ್ತು ನೋಡಿತು.

"ಏನು ಹುಡುಕುತ್ತಿರುವೆ?" ಎಂದು ತಾವರೆ ಕೇಳಿತು.

"ನಿನ್ನ ಪರಾಗದ ಕಣಕ್ಕೆ ಮೂರು ಸೀಳುಗಳಿವೆ, ನೈದಿಲೆಯದಕ್ಕೆ ಒಂದೇ. ನೀವಿಬ್ಬರೂ ಒಂದೇ ಮನೆಯವರಲ್ಲ. ಈ ಸುತ್ತಿನ ಹೂಗಳನ್ನೆಲ್ಲ ನಾನು ಬಲ್ಲೆ. ಇಲ್ಲಿ ನಿನಗೆ ಹತ್ತಿರದ ಬಂಧುವೆಂದರೆ ದಡದ ಮೇಲಿನ ಸಿಲ್ವರ್ ಓಕ್ ಮರ."

ತಾವರೆ ತಲೆಯೆತ್ತಿ ನೋಡಿತು. ಮರ ಮುಗಿಲೆತ್ತರಕ್ಕೆ ನಿಂತಿತ್ತು. "ಅದಕ್ಕೆ ಒರಟು ತೊಗಟೆ, ನನಗೆ ಮೆತ್ತನೆಯ ದಂಟು. ಇದು ಹೇಗೆ ಸಾಧ್ಯ?"

"ಒಂದೇ ನೀರಿನಲ್ಲಿ ಬಾಳಿದವರು ನೋಡಲು ಒಂದೇ ಥರ ಆಗುತ್ತಾರೆ. ರೂಪ ನೋಡಿ ಕುಲ ಹೇಳಲಾಗದು," ಎಂದು ಜೇನುನೊಣ ಹಾರಿಹೋಯಿತು.

ನೈದಿಲೆ ದಳಗಳನ್ನು ಮುಚ್ಚಿಕೊಂಡಿತು. "ಹಾಗಾದರೆ ನಾನು ನಿನಗೆ ಯಾರೂ ಅಲ್ಲವೇ?" ಎಂದಿತು.

ತಾವರೆ ನೈದಿಲೆಯತ್ತ ವಾಲಿತು. ಅಷ್ಟರಲ್ಲಿ ಮರವೇ ಬಾಗಿ ತಾವರೆಯನ್ನು ಕೇಳಿತು: "ತಂಗೀ, ನಾನು ಹುಟ್ಟಿದಾಗಿನಿಂದ ಈ ದಡದಲ್ಲೇ ಇದ್ದೇನೆ. ನೀರಿನ ಬದುಕು ಹೇಗಿರುತ್ತದೆ, ಹೇಳುತ್ತೀಯಾ?"

"ಅಣ್ಣಾ, ನನ್ನ ಎಲೆಗಳು ನೀರು ಬಿಟ್ಟು ಮೇಲೇಳುತ್ತವೆ. ನೀರನ್ನು ಸದಾ ಮುಟ್ಟಿಕೊಂಡು ಮಲಗುವವಳು ನನ್ನ ಈ ಅಕ್ಕ. ಅವಳನ್ನು ಕೇಳು," ಎಂದಿತು ತಾವರೆ.

ನೈದಿಲೆಯ ದಳಗಳು ಮೆಲ್ಲಗೆ ಬಿಚ್ಚಿಕೊಂಡವು.

"ಹೇಳುತ್ತೇನೆ ಅಣ್ಣಾ," ಎಂದಿತು ಅದು. "ಮೊದಲು ನೀನು ಹೇಳು, ಅಷ್ಟು ಎತ್ತರದಿಂದ ನೋಡಿದರೆ ತೋಟದಾಚೆಯ ಗುಡ್ಡದ ಹಿಂದೆ ಏನು ಕಾಣುತ್ತದೆ?"