ಪಟ್ಟಿಯಲ್ಲಿ ಹೆಸರು ಬೇಕೆಂದ ವೈರಸ್

ಮುದ್ರಣಾಲಯವೊಂದರ ಕಂಪ್ಯೂಟರಿನಲ್ಲಿ ಗೂಢಕೇತು ಎಂಬ ವೈರಸ್ ಎರಡು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿತ್ತು. ಎಷ್ಟೋ ಫೈಲುಗಳನ್ನು ಹಾಳು ಮಾಡಿಯೂ ತನಗೊಂದು ಹೆಸರು ಬರಲಿಲ್ಲವಲ್ಲ ಎಂಬುದೇ ಅದರ ಕೊರಗು. ಒಂದು ದಿನ ಅದು ಸಾಧಾರಣ ಫೈಲಿನ ವೇಷ ಹಾಕಿಕೊಂಡು ಆಂಟಿವೈರಸ್ಸಿನ ಬಳಿ ಹೋಯಿತು. ಅಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆಯ ಮೇಲೆ ಟೈಪ್ ಮಾಡಿ ಕೇಳಿದ್ದಕ್ಕಷ್ಟೇ ಉತ್ತರ. ಗೂಢಕೇತು ತನ್ನ ಹೆಸರನ್ನೇ ಟೈಪ್ ಮಾಡಿತು.

"ಅಪಾಯಕಾರಿಗಳ ಪಟ್ಟಿಯಲ್ಲಿ ಇಲ್ಲ," ಎಂದಿತು ಆಂಟಿವೈರಸ್.

"ಸರಿಯಾಗಿ ನೋಡಯ್ಯಾ. ಮೊನ್ನೆ ಹುಟ್ಟಿದ ಚಿಲ್ಟಾರಿಗಳೆಲ್ಲ ಅದರಲ್ಲಿವೆ."

"ಅವುಗಳ ಗುರುತು ನನ್ನಲ್ಲಿದೆ. ನೀವು ಕೊಟ್ಟಿದ್ದು ಬರೀ ಹೆಸರು. ಹೆಸರನ್ನು ಯಾರು ಬೇಕಾದರೂ ಹೇಳಬಹುದು."

ಗೂಢಕೇತುವಿಗೆ ಮೈಯೆಲ್ಲ ಉರಿಯಿತು. "ಹಾಗಾದರೆ ಬರೆದುಕೋ," ಎಂದು ತನ್ನ ಅಳತೆ, ನುಗ್ಗುವ ದಾರಿ, ಹಾಕುವ ವೇಷ, ಒಂದನ್ನೂ ಬಿಡದೆ ಒಪ್ಪಿಸಿತು. ಆಂಟಿವೈರಸ್ ಎಲ್ಲವನ್ನೂ ಪಟ್ಟಿಗೆ ಸೇರಿಸಿತು.

"ಈಗ ಹುಡುಕು," ಎಂದು ಗೂಢಕೇತು ಎದೆಯುಬ್ಬಿಸಿ ನಿಂತಿತು.

"ಸಿಕ್ಕಿತು. ನನ್ನೆದುರಿಗೇ ಇದೆ," ಎಂದ ಆಂಟಿವೈರಸ್, ಅದನ್ನು ಅಲ್ಲಿಯೇ ಹಿಡಿದು ಕೂಡಿಹಾಕಿ ಬೀಗ ಜಡಿಯಿತು.

ಒಳಗಿನಿಂದ ಗೂಢಕೇತು ಕೇಳಿತು: "ಹೆಸರು ತಪ್ಪಿಲ್ಲದೆ ಬರೆದಿದ್ದೀಯ ತಾನೆ?"