ಮುರಿಗೆಪ್ಪನ ಮೌನ

ಮಠದ ಪಾಠಶಾಲೆಯಲ್ಲಿ ಪರೀಕ್ಷೆಯ ಮೊದಲಿಗನಿಗೆ ಸ್ವಾಮಿಗಳೇ ಶಾಲು ಹೊದಿಸುತ್ತಿದ್ದರು. ಹೋದ ವರ್ಷ ಅದು ಕೊಟ್ರಯ್ಯನ ಹೆಗಲೇರಿದ್ದನ್ನು ಕಂಡು ಮುರಿಗೆಪ್ಪನಿಗೆ ಹೊಟ್ಟೆಯುರಿ. ಈ ವರ್ಷ ಇಬ್ಬರಿಗೂ ಒಂದೇ ಕೋಣೆ. ಮುರಿಗೆಪ್ಪನಿಗೆ ಸೂರು ಕಿತ್ತುಹೋಗುವಂತೆ ಕೂಗಿ ಓದಿದರಷ್ಟೇ ಪಾಠ ಹತ್ತುತ್ತಿತ್ತು. ಕೊಟ್ರಯ್ಯನೋ ತಲೆಗೆ ಕಂಬಳಿ ಸುತ್ತಿಕೊಂಡು ಸುಮ್ಮನೆ ಪುಸ್ತಕ ನೋಡುತ್ತಿದ್ದ.

“ಬಾಯಿ ತೆರೀದ ಹ್ಯಾಂಗ ಕಲೀತೀಯಲೇ? ಗುಟ್ಟು ಹೇಳು!” ಎಂದು ಮುರಿಗೆಪ್ಪ ಗದರಿಸಿದ.

“ನಿನ್ನ ಕೂಗು ಕೇಳಿನ ಕಲೀತೀನಣ್ಣಾ. ನಿಲ್ಲಿಸಬ್ಯಾಡ!” ಎಂದು ಕೊಟ್ರಯ್ಯ ಕೈಮುಗಿದ.

ಅಂದಿನಿಂದ ಮುರಿಗೆಪ್ಪ ತುಟಿ ಬಿಚ್ಚಲಿಲ್ಲ. ತನ್ನ ತಲೆಗೆ ಒಂದಕ್ಷರವೂ ಇಳಿಯದಿದ್ದರೂ, ಕೊಟ್ರಯ್ಯನಿಗೂ ದಕ್ಕಲಿಲ್ಲವೆಂಬ ಸಂತೋಷವೇ ಸಾಕಾಗಿತ್ತು.

ಶಾಲು ಮತ್ತೆ ಕೊಟ್ರಯ್ಯನಿಗೇ ಸಂದಿತು.

“ನಾ ಕೂಗಲೇ ಇಲ್ಲಲ್ಲೋ, ಹ್ಯಾಂಗ ಕಲಿತಿ?” ಎಂದು ಮುರಿಗೆಪ್ಪ ಕಂಗಾಲಾಗಿ ಕೇಳಿದ.

ಕೊಟ್ರಯ್ಯ ನಕ್ಕ. “ನೀ ಸುಮ್ಮನಾದಿ ಅಂತನ ಕಲಿತೆ, ಅಣ್ಣಾ.”