ಬೇಡಿ ತಂದ ಕೆಂಡ

"ಮಾವ, ಆ ಪರದೇಶದಲ್ಲಿ ನಾನು ಯಾರಿಗೂ ಹೊರೆಯಾಗಬಾರದು. ಏನೇನು ಕಟ್ಟಿಕೊಂಡು ಹೋಗಲಿ?" ಎಂದು ಜಯಶೀಲ ಕೇಳಿದ.

ಅವನು ಮರುದಿನ ಮಿಷನರಿಯಾಗಿ ದೂರದ ಬೆಟ್ಟದ ನಾಡಿಗೆ ಹೊರಡುವವನಿದ್ದ. ಪೆಟ್ಟಿಗೆಗಳು ತುಂಬಿ ಬಿಗಿದಿದ್ದವು. ಕೊನೆಯದರ ಮೇಲೆ ಕುಳಿತು ಮುಚ್ಚಳ ಒತ್ತುತ್ತಿದ್ದ. ಅದರೊಳಗೆ ಹಿಡಿಸದ ಬೆಂಕಿಪೊಟ್ಟಣಗಳ ಕಟ್ಟು ಇನ್ನೂ ಕೈಯಲ್ಲೇ ಇತ್ತು.

ಅವನಿಗೆ ಕಲಿಸಿದ ಉಪದೇಶಿ ದೇವಪುತ್ರಪ್ಪನವರನ್ನು ಸಭೆಯವರೆಲ್ಲ ಮಾವ ಎಂದೇ ಕರೆಯುತ್ತಿದ್ದರು. ಮಾವ ಮೀಸೆ ತೀಡಿದರು.

"ಸರಿಯಾದವನನ್ನೇ ಕೇಳಿದೆ. ಪರದೇಶದ ವಿಷಯದಲ್ಲಿ ನನ್ನಷ್ಟು ತಿಳಿದವನು ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದ್ದರೆ ಅವನೂ ನನ್ನ ಶಿಷ್ಯನೇ ಇರಬೇಕು. ಕೇಳು."

ಒಬ್ಬ ತರುಣ ಮಿಷನರಿ ಇದ್ದ. ಅವನನ್ನು ಒಂದು ಹಿಮದ ಹಳ್ಳಿಗೆ ಕಳುಹಿಸಿದರು. ಎಂಥ ಚಳಿ ಅಂದರೆ, ಅಲ್ಲಿ ಒಲೆಯ ಬೆಂಕಿಯೇ ಕಂಬಳಿ ಹೊದ್ದು ಕೂರುತ್ತಿತ್ತು. ನಗಬೇಡ, ಆ ಕಂಬಳಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಳುಹಿಸುವಾಗ ಹಿರಿಯರು ಹೇಳಿದ್ದರು: "ಹಿಮ ಕರಗುವುದರೊಳಗೆ ಆ ಊರಿನ ಒಬ್ಬನಾದರೂ ನಿನ್ನ ಹೊಸ್ತಿಲು ದಾಟಿ ಬರಲಿ. ಬರದಿದ್ದರೆ ಪ್ರಾರ್ಥನಾಮನೆಗೆ ಬೀಗ ಹಾಕಿ ಹಿಂತಿರುಗು."

ತರುಣ ಗಟ್ಟಿಗ. ಪ್ರಾರ್ಥನಾಮನೆಯಲ್ಲೇ ಒಲೆ ಹೂಡಿ ವಾಸವಾದ. ಆ ನಾಡಿನ ಮಾತನ್ನು ಮೊದಲೇ ಕಲಿತಿದ್ದ. ಬೆಳಗಾಗುವ ಮುಂಚೆ ಎದ್ದು ಪ್ರಾರ್ಥಿಸುತ್ತಿದ್ದ. ಆಮೇಲೆ ಸಲಿಕೆ ಹಿಡಿದು ಊರ ದಾರಿಯ ಹಿಮ ಸರಿಸುತ್ತಿದ್ದ. ಸೌದೆ ಒಡೆದು ಮನೆಮನೆಯ ಬಾಗಿಲಿಗೆ ಒಟ್ಟುತ್ತಿದ್ದ. ಕೆಮ್ಮು ಕೇಳಿದ ಮನೆಯ ಮುಂದೆ ಔಷಧಿಯ ಸೀಸೆ ಇಡುತ್ತಿದ್ದ. ತಾನು ಮಾತ್ರ ಯಾರ ಮನೆಯಲ್ಲೂ ಒಂದು ಗುಟುಕು ನೀರು ಕೇಳಲಿಲ್ಲ. ಸೂಜಿದಾರ ಸಹ ತನ್ನ ಊರಿಂದಲೇ ತಂದಿದ್ದ.

ಸಂಜೆಯೊಳಗೆ ಸೌದೆ ಅವನ ಬಾಗಿಲಿಗೇ ಮರಳಿರುತ್ತಿತ್ತು. ಅವನು ಒಟ್ಟಿದ್ದಕ್ಕಿಂತ ಅಂದವಾಗಿ ಒಟ್ಟಿರುತ್ತಿದ್ದರು. ಮೇಲೆ ಔಷಧಿಯ ಸೀಸೆ. ಎದುರಿಗೆ ಸಿಕ್ಕರೆ ಜನ ತಲೆಬಾಗುತ್ತಿದ್ದರು, ಮನೆ ಹತ್ತಿರ ಬಂದರೆ ಬಾಗಿಲು ಮುಚ್ಚುತ್ತಿದ್ದರು. ತರುಣ ಇನ್ನೂ ಹೆಚ್ಚು ಸೌದೆ ಒಡೆದ. ಇನ್ನೂ ಹೆಚ್ಚು ಸೌದೆ ಮರಳಿ ಬಂತು.

ಹಿಮ ತೆಳುವಾಗತೊಡಗಿತು. ತರುಣ ಬೀಗ ಹುಡುಕಿ, ಎಣ್ಣೆ ಬಿಟ್ಟು ಇಟ್ಟುಕೊಂಡ.

ಒಂದು ಬೆಳಿಗ್ಗೆ ಕರಗಿದ ನೀರು ಸೂರಿನಿಂದ ಸೋರಿ ಒಲೆ ಆರಿತು. ಬೆಂಕಿಪೊಟ್ಟಣಗಳೆಲ್ಲ ನೆನೆದು ಅಂಬಲಿಯಾಗಿದ್ದವು. ಬೇರೆ ದಾರಿ ಕಾಣದೆ ಅವನು ಮಡಕೆಯ ಚೂರೊಂದನ್ನು ಹಿಡಿದು ಪಕ್ಕದ ಮನೆಯ ಮುದುಕಿಯ ಬಾಗಿಲು ಬಡಿದ.

"ಅಜ್ಜಿ, ಒಂದು ಕೆಂಡ ಕೊಡುತ್ತೀರಾ?"

ಬಾಗಿಲು ಪೂರ್ತಿ ತೆರೆಯಿತು. "ಅಯ್ಯೋ, ಕೇಳಿದಿರೇನ್ರೋ! ಧಣಿಯ ಒಲೆ ಆರಿದೆಯಂತೆ!"

"ನಾನು ಧಣಿಯಲ್ಲ ಅಜ್ಜಿ."

"ಎಲ್ಲ ಕೊಡುವವನು, ಏನೂ ಬೇಡದವನು ಧಣಿಯಲ್ಲದೆ ಇನ್ಯಾರೋ? ಬೆಟ್ಟದಾಚೆ ಒಬ್ಬ ಇದ್ದಾನೆ. ಅವನೊಬ್ಬನಿಗೆ ತಲೆ ಬಾಗಿಸಿಯೇ ನಮ್ಮ ಕುತ್ತಿಗೆ ನೋಯುತ್ತಿದೆ ಮಗನೆ."

ಆ ಊರಿನಲ್ಲಿ ಒಂದು ಪದ್ಧತಿ. ಒಂದು ಮನೆಯ ಕೆಂಡ ಇನ್ನೊಂದು ಮನೆಯ ಒಲೆಗೆ ಹೋದರೆ ಇಬ್ಬರೂ ನೆಂಟರು. ಕೊಟ್ಟವರು ಮರುದಿನ ಹೋಗಿ, ತಮ್ಮ ಬೆಂಕಿ ಹೇಗಿದೆ ಎಂದು ನೋಡಿ ಬರಬೇಕು. ನೋಡದಿದ್ದರೆ ಕೊಟ್ಟವರಿಗೇ ಅವಮಾನ.

ಮರುದಿನ ಮುದುಕಿ ಬಂದಳು. ಹೊಸ್ತಿಲು ದಾಟಿದಳು. ಒಲೆ ನೋಡಿ, "ಸೌದೆ ಇಡುವುದು ಹೀಗೇನೋ ದಡ್ಡಾ?" ಎಂದು ಬೈದಳು. ತರುಣನಿಗೆ ಆ ಬೈಗುಳ ಕೀರ್ತನೆಯ ಹಾಗೆ ಕೇಳಿಸಿತು. ಅವನು ಅಂದೇ ಆಚೆಮನೆಗೆ ಓಡಿದ. "ನಿಮ್ಮದೂ ಒಂದು ಕೆಂಡ ಕೊಡಿ." ಆಮೇಲೆ ಅದರಾಚೆಯ ಮನೆಗೆ. ಹಿಮ ಕರಗುವ ಹೊತ್ತಿಗೆ ಇಡೀ ಊರಿನ ಬೆಂಕಿ ಅವನ ಒಲೆಯಲ್ಲಿತ್ತು. ನೋಡಲು ಬಂದವರು, ಚೆನ್ನಾಗಿ ಉರಿಯುತ್ತಿರುವುದು ಯಾರ ಮನೆಯದು ಎಂದು ಜಗಳವಾಡುತ್ತಾ ಕುಳಿತರು. ಕುಳಿತವರು ಪ್ರಾರ್ಥನೆಗೂ ಉಳಿದರು. ಅವನು ಒಟ್ಟಿದ ಸೌದೆ ಮತ್ತೆ ಮರಳಿ ಬರಲಿಲ್ಲ.

ಕೊನೆಯ ಹಿಮ ಜಾರಿ ಪ್ರಾರ್ಥನಾಮನೆಯ ಸೂರು ಮುರಿದಾಗ ಊರೇ ಎದ್ದು ಬಂತು. "ನಮ್ಮ ಬೆಂಕಿ ನೆನೆಯುತ್ತಿದೆ!" ಎಂದು ಕೂಗುತ್ತಾ ತೊಲೆ ಹೊತ್ತರು. ಸಂಜೆಗೆ ಹೊಸ ಸೂರು ನಿಂತಿತು. ಆ ಸದ್ದಿಗೆ ಬೆಟ್ಟದಾಚೆಯ ಧಣಿಯೂ ಕುದುರೆಯಿಂದ ಇಳಿದು, ಅಂಗೈಯಲ್ಲೇ ಕೆಂಡ ಹಿಡಿದು ನಡೆದು ಬಂದನಂತೆ. ಬೀಗವನ್ನು ಮುದುಕಿ ತನ್ನ ಮೇಕೆಯ ಕೊರಳಿಗೆ ಕಟ್ಟಿದಳು.

ಮಾವ ಮತ್ತೆ ಮೀಸೆ ತೀಡಿದರು. "ನಾನಾಗಿದ್ದರೆ ಹೋದ ದಿನವೇ ಒಲೆ ಆರಿಸಿ ಕೂರುತ್ತಿದ್ದೆ. ಎಲ್ಲರಿಗೂ ನನ್ನ ಬುದ್ಧಿ ಎಲ್ಲಿ ಬರಬೇಕು?"

"ಹಾಗಾದರೆ ನಾನು ಏನನ್ನೂ ಒಯ್ಯಬಾರದೇ ಮಾವ?"

ಮಾವ ಕೈ ಚಾಚಿದರು. "ಎಲ್ಲ ಒಯ್ಯಿ, ಆ ಬೆಂಕಿಪೊಟ್ಟಣ ಮಾತ್ರ ಇಲ್ಲಿ ಕೊಡು."